ನಾಲಿಗೆ ಹೇಳಿದ್ದು, ರಕ್ತ ಹೇಳಿದ್ದು

ಮೇಚೇರಿಯಲ್ಲಿ ಬೆಳಿಗ್ಗೆ ಆರೂವರೆಯ ಸೇಲಂ ಟೌನ್ ಬಸ್ಸು ಹತ್ತಿದೆವು, ನಾನು ಮತ್ತು ನನ್ನ ಹೆಂಡತಿ ನಂಜಮ್ಮ. ಹೆಂಗಸರಿಗೆ ಟಿಕೆಟ್ ಇಲ್ಲ. ನನಗೆ ಇಪ್ಪತ್ತೆಂಟು ರೂಪಾಯಿ, ಮೂಟೆಗೆ ಬೇರೆ. ಮೂಟೆಯಲ್ಲಿದ್ದದ್ದು ನೆರಳಲ್ಲಿ ಒಣಗಿಸಿದ ಮಧುನಾಶಿನಿ ಸೊಪ್ಪು. ಕಂಡಕ್ಟರು ಅದನ್ನು ಮೂಸಿ, ಕುರಿಗಳು ಯಾವ ಸ್ಟಾಪಿನಲ್ಲಿ ಹತ್ತುತ್ತವೆ ಎಂದು ತಮಿಳಿನಲ್ಲಿ ಕೇಳಿದ. “ಇದು ಕಾಲೇಜಿಗೆ” ಎಂದೆ, ಸ್ವಲ್ಪ ಜೋರಾಗಿಯೇ.

ನಾನು ಐದನೇ ಕ್ಲಾಸಿಗೇ ಕುರಿ ಹಿಂದೆ ಹೋದವನು. ಗುಡ್ಡದ ಬಳ್ಳಿಗಳನ್ನು ಕುರಿಗಳ ಜೊತೆಯೇ ಕಲಿತೆ. ಸೇಲಂನ ಒಂದು ಕಾಲೇಜಿನವರು ಸಕ್ಕರೆ ಕಾಯಿಲೆಗೆ ಈ ಸೊಪ್ಪಿನ ರಸ ಆಗುತ್ತದೋ ಎಂದು ಪರೀಕ್ಷೆ ಮಾಡುತ್ತಿದ್ದಾರೆ. ಸೊಪ್ಪು ತಂದುಕೊಡುವವನು ನಾನು. ನಂಜಮ್ಮನಿಗೆ ಆರು ವರ್ಷದಿಂದ ಆ ಕಾಯಿಲೆ. ಎರಡು ತಿಂಗಳಿಂದ ನನ್ನ ಕಷಾಯ ಕುಡಿಯುತ್ತಿದ್ದಳು. ಅದರಿಂದಲೇ ಸಕ್ಕರೆ ಎಷ್ಟು ಇಳಿದಿದೆ ಎಂದು ಕಾಲೇಜಿಗೆ ತೋರಿಸಬೇಕೆಂದು ಕರೆದುಕೊಂಡು ಹೊರಟಿದ್ದೆ.

ಓಮಲೂರು ದಾಟುವಷ್ಟರಲ್ಲೇ ಬಿಸಿಲು ಏರಿತ್ತು. ಸೇಲಂನಲ್ಲಿ ಇಳಿದು ಇಡ್ಲಿ ತಿಂದೆವು. ಅವಳು ಒಂದನ್ನೇ ತಿಂದು, ಎರಡು ಚೊಂಬು ನೀರು ಕುಡಿದಳು. ಬಿಸಿಲಿಗೆ ಬಾಯಾರಿಕೆ ಎಂದುಕೊಂಡೆ.

ಕಾಲೇಜಿನ ಲ್ಯಾಬಿನಲ್ಲಿ ಸಂಶೋಧನೆ ಮಾಡುವ ರೇವತಿ ಧರ್ಮಪುರಿ ಕಡೆಯ ಹುಡುಗಿ, ಮನೆಮಾತು ಕನ್ನಡ. ಗಾಜಿನ ಸೀಸೆಯಲ್ಲಿ ನಮ್ಮ ಸೊಪ್ಪಿನ ರಸ ಕಪ್ಪಗೆ ನಿಂತಿತ್ತು. ನಮ್ಮ ಕಡೆ ಸೊಪ್ಪನ್ನು ನೋಡುವ ಒಂದು ಕ್ರಮವಿದೆ: ಎಲೆ ಅಗಿದು, ಮೇಲೆ ಬೆಲ್ಲ ಇಟ್ಟುಕೊಳ್ಳಬೇಕು. ಸಿಹಿ ಗೊತ್ತಾಗಬಾರದು. ನಂಜಮ್ಮನಿಗೆ ಹಾಗೆ ಮಾಡಿಸಿದೆ.

“ಎಂಗೈತೆ?”

“ಮಣ್ಣು ತಿಂದಂಗೈತೆ” ಎಂದಳು.

“ನೋಡಮ್ಮ, ಬಾಯಾಗೇ ಸಕ್ಕರೆ ಸತ್ತೋಯ್ತು. ದಿನಾ ಇಂಗೇ ನೋಡ್ತೀನಿ” ಎಂದೆ ರೇವತಿಗೆ.

ರೇವತಿ ನಕ್ಕಳು. “ಅದು ನಾಲಿಗೆ ಕತೆ ಅಣ್ಣಾ. ರಕ್ತದ ಕತೆ ಬೇರೆ” ಎಂದು ನಂಜಮ್ಮನ ಬೆರಳು ಚುಚ್ಚಿ, ಸಣ್ಣ ಮೆಷಿನ್ನಿಗೆ ಹನಿ ಹಾಕಿದಳು. ನಗು ನಿಂತಿತು. ಸಕ್ಕರೆ ಮುನ್ನೂರ ಎಂಬತ್ತು, ಇರಬೇಕಾದ್ದರ ಎರಡರಷ್ಟಕ್ಕೂ ಮೇಲೆ.

“ಅಕ್ಕಾ, ಮಾತ್ರೆ ನುಂಗ್ತಿದೀರಾ ಇಲ್ವಾ?”

ನಂಜಮ್ಮ ಸೆರಗಿನ ತುದಿ ತಿರುಚುತ್ತಾ ಕೂತಳು. “ಬಿಟ್ಟು ಒಂದು ತಿಂಗಳಾಯ್ತು ಕಣಮ್ಮ. ಮಾತ್ರೇನೂ ನುಂಗಿದ್ರೆ, ಇಳಿದಿದ್ದು ಮಾತ್ರೆಯಿಂದ ಅಂದ್ಬುಡ್ತೀರಾ. ಇವನ ಸೊಪ್ಪಿಗೆ ಒಳ್ಳೆ ಎಸರು ಬರ್ಲಿ ಅಂತ.”

ನನಗೆ ಇದು ಗೊತ್ತೇ ಇರಲಿಲ್ಲ; ಕೈಯಲ್ಲಿದ್ದ ಬೆಲ್ಲವನ್ನು ಜೇಬಿಗೆ ಹಾಕಿಕೊಂಡೆ.

ರೇವತಿ ಗದರಲಿಲ್ಲ. “ಇಲಿಗೆ ಕೊಟ್ಟು ನೋಡ್ತಿದೀವಿ ಅಣ್ಣಾ. ಮನುಷ್ಯರಿಗೆ ಎಷ್ಟು ಕೊಡ್ಬೇಕು, ಕೊಡ್ಬೋದಾ, ಇನ್ನೂ ಗೊತ್ತಿಲ್ಲ. ಮೊದ್ಲು ಜಿ.ಎಚ್.ಗೆ ಕರ್ಕೊಂಡೋಗಿ” ಎಂದು ತಾನೇ ಆಟೋ ಹತ್ತಿಸಿದಳು.

ಸರ್ಕಾರಿ ಆಸ್ಪತ್ರೆಯಲ್ಲಿ ಡ್ರಿಪ್ ಹಾಕಿ, ಸಾಯಂಕಾಲದವರೆಗೆ ಮಲಗಿಸಿಕೊಂಡರು. ಮಾತ್ರೆ ಬಿಡಬಾರದು, ಕಷಾಯ ನಿಲ್ಲಿಸಬೇಕು ಎಂದರು ಡಾಕ್ಟರು. ಅವಳು ಮಲಗಿದ್ದಷ್ಟು ಹೊತ್ತು ನಾನು ಅವಳ ಪಾದ ಒತ್ತುತ್ತಾ ಕೂತಿದ್ದೆ. “ಬಿಡು, ಜನ ನೋಡ್ತಾರೆ” ಎಂದಳು. ನೋಡಲಿ ಎಂದೆ.

ಮೇಚೇರಿಯಲ್ಲಿ ಇಳಿದಾಗ ದೀಪ ಹತ್ತಿತ್ತು. ಬಸ್ ಸ್ಟಾಪಿನ ಟೀ ಅಂಗಡಿಯಲ್ಲಿ ನಾಲ್ಕೈದು ಜನ ಗಂಡಸರು, ಸಕ್ಕರೆ ಕಾಯಿಲೆಗೆಂದು ನನ್ನಿಂದ ಸೊಪ್ಪು ಒಯ್ದವರೇ.

“ಏನ್ಲಾ, ಡಾಕ್ಟ್ರಾಗಿ ಬಂದ್ಯಾ? ಕಾಲೇಜು ಏನಂತು?” ಎಂದ ಪೆರಿಯಣ್ಣ.

“ಪರೀಕ್ಷೆ ಮುಗ್ದಿಲ್ಲ. ಸೊಪ್ಪು ನಂಬಿ ಯಾರಾದ್ರೂ ಮಾತ್ರೆ ಬಿಟ್ಟಿದ್ರೆ, ನಾಳೆನೇ ಆಸ್ಪತ್ರೆಗೆ ಓಗಿ.”

“ಬೆಲ್ಲ ಸಪ್ಪೆ ಆದ್ರೆ ರೋಗ ಓಯ್ತು ಅಂದೋನು ನೀನೇ ಅಲ್ವಲಾ?”

“ನಾನೇ. ತಪ್ಪಾಗಿ ಏಳ್ದೆ.”

ನಾನು ಅಂಗಡಿ ಬೆಂಚಿನ ತುದಿಗೆ ಕೂತೆ. ಆ ಬೆಂಚಿನಲ್ಲಿ ಹೆಂಗಸರು ಕೂತದ್ದನ್ನು ನಾನು ಕಂಡಿಲ್ಲ. ನಂಜಮ್ಮ ಬಂದು ನನ್ನ ಪಕ್ಕದಲ್ಲಿ ಕೂತು, ಅಂಗಡಿಯವನಿಗೆ, “ಸಕ್ಕರೆ ಇಲ್ದೆ ಒಂದು ಟೀ ಆಕಪ್ಪಾ” ಎಂದಳು.