ಎರಡನೆಯ ಮೇಣಬತ್ತಿ

ಆಗ ನನಗೆ ಅರವತ್ತೆಂಟು. ಆರು ವರ್ಷದ ಹಿಂದಿನ ಮಾತು. ಕ್ರಿಸ್‌ಮಸ್ಸಿಗೆ ಮುಂಚಿನ ಆಗಮನ ಕಾಲದ ಎರಡನೆಯ ಭಾನುವಾರ, ಬೆಟಗೇರಿಯ ನಮ್ಮ ಚರ್ಚಿನಲ್ಲಿ ವಾರಕ್ಕೊಂದರಂತೆ ಹಚ್ಚುವ ನಾಲ್ಕರಲ್ಲಿ ಎರಡನೆಯದಾದ ಸಮಾಧಾನದ ಮೇಣಬತ್ತಿ ಹಚ್ಚುವ ಪಾಳಿ ನನ್ನದು. ಮಗನನ್ನು ಮಣ್ಣು ಮಾಡಿ ತಿಂಗಳಾಗಿತ್ತು. ಜ್ವರ ಬಂದವನನ್ನು ದವಾಖಾನೆಗೆ ತಡವಾಗಿ ಒಯ್ದಳೆಂದು ಸೊಸೆಯನ್ನು ಬೈದಿದ್ದೆ. ಅವಳ ಅಡುಗೆ ಮುಟ್ಟುತ್ತಿರಲಿಲ್ಲ. ಖರೆ ಹೇಳಬೇಕೆಂದರೆ, ಕಷಾಯ ಸಾಕೆಂದು ಮೂರು ದಿನ ತಡೆದವಳು ನಾನೇ.

ಕಡ್ಡಿ ಗೀರಿದೆ, ಬತ್ತಿಗೆ ತಾಗುವ ಮೊದಲೇ ಆರಿತು. ಸೊಸೆ ಎದ್ದು ಬಂದು ನನ್ನ ಕೈ ಹಿಡಿದಳು.

"ತಪ್ಪು ನಂದೈತಿ, ನಿಂದಲ್ಲ," ಎಂದೆ.

"ಗೊತ್ತೈತ್ರಿ ಅತ್ತಿ. ಮೊದ್ಲ ಬತ್ತಿ ಹಚ್ರಿ, ಮಂದಿ ನೋಡಾಕತ್ತಾರ."

ಬತ್ತಿ ಹೊತ್ತಿತು. ಮಗ ತಿರುಗಿ ಬರಲಿಲ್ಲ, ದುಃಖವೂ ಹೋಗಲಿಲ್ಲ. ಯೇಸುವಿನ ಮುಂದೆ ಸುಳ್ಳು ಹೊತ್ತು ನಿಲ್ಲುವುದು ಮಾತ್ರ ಅಂದಿಗೆ ಮುಗಿಯಿತು. ಒಳಗಿನ ಗದ್ದಲ ನಿಂತಿತು. ಮರುದಿನ ಮುಂಜಾನೆ ಸೊಸೆ ಬಡಿದ ರೊಟ್ಟಿ ತಿಂದೆ.