ರಿಜಿಸ್ಟರ್ ಅಕ್ಕ ಸೇರಿಸಿದ ಎರಡು ಪದ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಟೈರ್ ಅಂಗಡಿಯ ಮೇಲಿನ ಆಫೀಸು ಕೋಣೆಯಲ್ಲಿ ಆಗಲೇ ದೀಪ ಹತ್ತಿದೆ. ಕೆಳಗೆ ಷಟರ್ ಎತ್ತಿಲ್ಲ, ಗಾಳಿ ತುಂಬುವ ಯಂತ್ರದ ಸದ್ದು ಶುರುವಾಗಿಲ್ಲ. ತಲೆ ನೆಟ್ಟಗೆ ಓಡುವುದು ಈ ಹೊತ್ತಿನಲ್ಲೇ ಎನ್ನುವುದು ಅಕ್ಕನ ಅನುಭವ. ಕನ್ನಡಕವನ್ನು ಹಣೆಗೇರಿಸಿ, ಪರದೆಗೆ ಮುಖ ಹತ್ತಿರ ತಂದು, ಯಂತ್ರಭಾಷೆಯ ಒಂದೊಂದೇ ಸಾಲನ್ನು ಬೆರಳಿಟ್ಟು ಓದುತ್ತಿದ್ದಾರೆ. ಪಕ್ಕದಲ್ಲಿಟ್ಟ ಚಹಾ ಕೆನೆಗಟ್ಟಿದೆ.

ಆಫೀಸಿನಲ್ಲಿ ಇವರ ಹೆಸರು ‘ರಿಜಿಸ್ಟರ್ ಅಕ್ಕ’. ಅದನ್ನು ಕೇಳಿಸಿಕೊಂಡ ನೆರೆಮನೆಯಾಕೆ, ಇವರಿರುವುದು ನೋಂದಣಿ ಕಚೇರಿಯಲ್ಲೆಂದು ನಂಬಿ, ಮಗಳ ಮದುವೆ ಸರ್ಟಿಫಿಕೇಟು ಬೇಗ ಮಾಡಿಸಿಕೊಡಿ ಎಂದು ಬಾಗಿಲಿಗೇ ಬಂದಿದ್ದರಂತೆ. ಅಕ್ಕ ನೋಡುವ ರಿಜಿಸ್ಟರೇ ಬೇರೆ. ಲೆಕ್ಕ ಮಾಡುವಾಗ ಕಂಪ್ಯೂಟರು ಸಂಖ್ಯೆಗಳನ್ನು ಗಳಿಗೆಯ ಮಟ್ಟಿಗೆ ಇಟ್ಟುಕೊಳ್ಳುವ ಪುಟ್ಟ ಜಾಗಗಳು ಅವು, ಇರುವುದು ಬೆರಳೆಣಿಕೆಯಷ್ಟು.

“ಅಡುಗೆಮನೆ ಮಾತಲ್ಲಿ ಹೇಳ್ತೀನಿ,” ಎನ್ನುತ್ತಾರೆ. “ಕಟ್ಟೆ ಮೇಲೆ ಏನೋ ಅಳೆದಿಟ್ಟು, ಒಳಗಿನವರ ಹತ್ರ ಒಂದು ಸಹಾಯ ಕೇಳ್ತೀರಿ. ಅವರು ಬಂದು ಮಾಡಿಕೊಡ್ತಾರೆ. ಆದ್ರೆ ತಮಗೆ ಜಾಗ ಬೇಕಲ್ಲ, ನೀವು ಅಳೆದಿಟ್ಟಿದ್ದನ್ನ ಚೆಲ್ಲಿಬಿಡ್ತಾರೆ. ತಪ್ಪು ಅವರದಲ್ಲ. ಇಷ್ಟು ಜಾಗ ನಮಗೆ ಬೇಕು ಅಂತ ಮೊದಲೇ ಹೇಳಿರ್ತಾರೆ. ಅದನ್ನ ನಿಮಗೆ ಮುಟ್ಟಿಸಬೇಕಾದವರು ಮುಟ್ಟಿಸಿಲ್ಲ, ಅಷ್ಟೆ.”

ಹಾಗೆ ಮುಟ್ಟಿಸಬೇಕಾದ್ದು ಅಸೆಂಬ್ಲಿ ಎನ್ನುವ ಯಂತ್ರಭಾಷೆಯಲ್ಲಿ ಬರೆದ ನಾಲ್ಕೈದು ಸಾಲು. ಪ್ರೋಗ್ರಾಮು ಆಪರೇಟಿಂಗ್ ಸಿಸ್ಟಮ್ಮಿನ ನೆರವು ಕೇಳುವಾಗ, ಅಂದರೆ ಸಿಸ್ಟಮ್ ಕಾಲ್ ಮಾಡುವಾಗ, ಆ ಸಾಲುಗಳ ಮೂಲಕವೇ ಹೋಗಬೇಕು. ಯಾವ ಯಾವ ರಿಜಿಸ್ಟರಿನಲ್ಲಿದ್ದದ್ದು ಅಳಿಸಿಹೋಗುತ್ತದೆ ಎಂದು ಅವುಗಳ ಕೊನೆಯಲ್ಲಿ ಹೇಳಿರಬೇಕು. ಒಂದು ಹೆಸರು ತಪ್ಪಿದರೂ, ಪ್ರೋಗ್ರಾಮನ್ನು ಯಂತ್ರಕ್ಕೆ ಅರ್ಥವಾಗುವಂತೆ ಬದಲಿಸಿಕೊಡುವ ಕಂಪೈಲರ್ ಆ ಜಾಗ ಭದ್ರವಾಗಿದೆ ಎಂದುಕೊಂಡುಬಿಡುತ್ತದೆ. ತಪ್ಪಿಹೋದ ಹೆಸರನ್ನು ಹುಡುಕಿ ಸೇರಿಸುವುದು ಅಕ್ಕನ ಕೆಲಸ. ದಿನಕ್ಕೆ ಹತ್ತಿಪ್ಪತ್ತು ಸಾಲು ಸಮಾಧಾನವಾಗುವಂತೆ ಓದಿ ಮುಗಿದರೆ ಹೆಚ್ಚು. ವಾರವೆಲ್ಲ ಏನು ಮಾಡಿದೆಯಮ್ಮಾ ಎಂದು ಮಗಳು ಕೇಳಿದರೆ, ಎಷ್ಟೋ ಸಲ ಒಂದು ಪದ ಸೇರಿಸಿದೆ ಎನ್ನುವುದೇ ಉತ್ತರ.

ಡಿಪ್ಲೊಮಾ ಮುಗಿಸಿ ಸರ್ಕ್ಯೂಟಿಗೆ ಬೆಸುಗೆ ಹಾಕುವ ಬೆಂಚಿನಲ್ಲಿ ಕೂತು, ಆಮೇಲೆ ಪ್ರೋಗ್ರಾಮಿನ ಕಡೆ ಬಂದವರು ಇವರು. ಗಂಡ ತೀರಿಕೊಂಡಾಗ ಮಗಳಿಗಿನ್ನೂ ಮಾತು ಬಂದಿರಲಿಲ್ಲ. ಅವಳನ್ನು ತಂಗಿಯ ಮಡಿಲಿಗೆ ಹಾಕಿ ಕೆಲಸಕ್ಕೆ ಬಂದರು. ಜೊತೆಯವರು ಒಬ್ಬೊಬ್ಬರೇ ಫೋನಿನ ಆ್ಯಪ್ ಮಾಡುವ ಕಡೆ ಹೋದರು. ಇವರು ಕತ್ತುನೋವಿನ ಪಟ್ಟಿ ಕಟ್ಟಿಕೊಂಡು ಇಲ್ಲೇ ಉಳಿದರು.

ಹೋದ ವರ್ಷ ಒಂದು ಊರಿನಲ್ಲಿ ಬೀದಿಗೆ ಬೀದಿಯೇ ವಾಂತಿಭೇದಿಯಿಂದ ಆಸ್ಪತ್ರೆ ಸೇರಿತು. ಒಬ್ಬ ಅಜ್ಜಿ ಉಳಿಯಲಿಲ್ಲ. ಕುಡಿಯುವ ನೀರಿಗೆ ಕ್ಲೋರಿನ್ ಬೆರೆಸುವ ಯಂತ್ರ ಅದರ ಹಿಂದಿನ ದಿನ ಮಧ್ಯಾಹ್ನವೇ ಬೆರೆಸುವುದನ್ನು ನಿಲ್ಲಿಸಿತ್ತು. ಯಂತ್ರದ ಪರದೆಯ ಮೇಲೆ, ಎಷ್ಟು ಬೆರೆಸಬೇಕು ಎನ್ನುವ ಅಳತೆ ಸೊನ್ನೆ. ಪಾಳಿಯಲ್ಲಿದ್ದ ಪಂಪ್ ಆಪರೇಟರು ಊಟ ಮಾಡಿ ತೂಕಡಿಸಿ ಅಳತೆ ಹಾಕುವುದನ್ನೇ ಮರೆತರು ಎಂದು ಊರೇ ತೀರ್ಮಾನಿಸಿತು. ಅವರು ಅಮಾನತಾದರು. ಅವರ ಹೆಂಡತಿ ಬೀದಿಗೆ ಬಂದರೆ ಹೆಂಗಸರ ಮಾತು ಅಲ್ಲಿಗೇ ನಿಲ್ಲುತ್ತಿತ್ತು.

ಆ ಯಂತ್ರದ ಪ್ರೋಗ್ರಾಮು ಅಕ್ಕನ ಆಫೀಸಿನದು. ಪರೀಕ್ಷೆ ಮಾಡಿದವರು ಎಲ್ಲ ಸರಿಯಿದೆ ಎಂದಿದ್ದರು. ಅಕ್ಕನಿಗೆ ಮನಸ್ಸು ಒಪ್ಪದೆ ಆಪರೇಟರನ್ನು ಕಂಡು ಬಂದರು. ಅಳತೆ ಹಾಕಿಯೇ ಹಾಕಿದ್ದೆ ಎಂದು ಮೊದಮೊದಲು ಖಡಾಖಂಡಿತವಾಗಿ ಹೇಳುತ್ತಿದ್ದ ಮನುಷ್ಯ, ಅಷ್ಟು ಹೊತ್ತಿಗೆ, ಹಾಕಿದ್ದೆ ಅನ್ನಿಸುತ್ತೆ ಎನ್ನುವಲ್ಲಿಗೆ ಬಂದಿದ್ದರು. ಮಾತಿನ ನಡುವೆ, ಆವತ್ತು ಕರೆಂಟು ಹೋಗಿ ಬಂದಿತ್ತು ಎಂದರು.

ಅಕ್ಕ ಆ ಎಳೆಯನ್ನೇ ಹಿಡಿದರು. ಕರೆಂಟು ಹೋದಾಗ ಯಂತ್ರ ಬ್ಯಾಟರಿಯ ಮೇಲೆ ನಡೆಯುತ್ತದೆ. ಮರಳಿ ಬಂದಾಗ ಪ್ರೋಗ್ರಾಮು ಸಿಸ್ಟಮ್ಮಿನಿಂದ ಸಮಯ ಕೇಳುತ್ತದೆ. ಹಾಗೆ ಕೇಳುವ ಸಾಲುಗಳಲ್ಲಿ ಎರಡು ರಿಜಿಸ್ಟರಿನ ಹೆಸರು ಬಿಟ್ಟುಹೋಗಿತ್ತು. ಹಳೆಯ ಕಂಪೈಲರ್ ಅಲ್ಲಿ ಏನನ್ನೂ ಇಡುತ್ತಿರಲಿಲ್ಲ, ಹೇಗೋ ವರ್ಷಗಟ್ಟಲೆ ನಡೆದುಹೋಗಿತ್ತು. ಹೊಸದಾಗಿ ತಂದ ಕಂಪೈಲರ್ ಕ್ಲೋರಿನ್ನಿನ ಅಳತೆಯನ್ನು ಅಲ್ಲೇ ಇಟ್ಟಿತು. ಸಮಯ ಸಿಕ್ಕಿತು, ಅಳತೆ ಅಳಿಸಿಹೋಯಿತು. ಅದರ ಜಾಗದಲ್ಲಿ ತಲೆಬುಡವಿಲ್ಲದ ಸಂಖ್ಯೆ ಕಂಡ ಯಂತ್ರ ಸೊನ್ನೆ ಮಾಡಿಕೊಂಡು ಸುಮ್ಮನಾಯಿತು.

ಸರಿಮಾಡಿದ ಪ್ರೋಗ್ರಾಮನ್ನು ಮಾಮೂಲಿ ಬದಲಾವಣೆ ಎಂದು ಕಳಿಸಿಬಿಡೋಣ ಎಂದರು ಆಫೀಸಿನ ಯಜಮಾನರು. ತಪ್ಪು ನಮ್ಮದೆಂದರೆ ನೀರಿನ ಗುತ್ತಿಗೆಯೇ ಕೈತಪ್ಪುತ್ತದೆ ಎನ್ನುವ ಅಂಜಿಕೆ ಅವರದು.

“ಸರಿ ಮಾಡೋಕೆ ಎರಡು ಪದ ಸಾಕು ಸರ್,” ಎಂದರು ಅಕ್ಕ. “ಆ ಮನುಷ್ಯನ ತಲೆ ಮೇಲೆ ಹೊರಿಸಿದ್ದನ್ನ ಯಾರು ಇಳಿಸ್ತಾರೆ?”

ಯಜಮಾನರು ಮರುದಿನ ತಾವೇ ಕಾರು ತಂದು ನಿಲ್ಲಿಸಿ, ನಡೀರಿ ಎಂದರು.

ಅಧಿಕಾರಿಗಳ ಕಚೇರಿಗಿಂತ ಮೊದಲು ಆಪರೇಟರ ಮನೆಗೆ ಹೋದರು. ನಡೆದದ್ದನ್ನು ಅಕ್ಕ ನಿಧಾನವಾಗಿ ಬಿಡಿಸಿ ಹೇಳಿದರು. ಆಪರೇಟರು ಬಾಗಿಲ ಚೌಕಟ್ಟು ಹಿಡಿದು ನಿಂತೇ ಕೇಳಿಸಿಕೊಂಡರು.

“ಹಾಗಾದ್ರೆ ನಾನು ಮರೆತಿರ್ಲಿಲ್ಲ, ಅಲ್ವಾ ಮೇಡಂ?”

“ಇಲ್ಲ. ನೀವು ಹಾಕಿದ್ರಿ. ಯಂತ್ರ ಅದನ್ನ ಕಳ್ಕೊಂಡಿತು.”

ಅವರು ಒಳಗಿನಿಂದ ಹೆಂಡತಿಯನ್ನು ಕರೆದು, ಇವಳಿಗೆ ಇನ್ನೊಂದು ಸಲ ಹೇಳಿ ಎಂದು ಕೇಳಿಕೊಂಡರು.

ಆಪರೇಟರಿಗೆ ಕೆಲಸ ಮರಳಿ ಸಿಕ್ಕಿತು. ನೀರಿನ ಗುತ್ತಿಗೆ ಕೈತಪ್ಪಿತು; ಎರಡು ಕೋಣೆಯಲ್ಲಿದ್ದ ಆಫೀಸು ಒಂದಕ್ಕಿಳಿಯಿತು. ತೀರಿಕೊಂಡ ಅಜ್ಜಿಯ ಮನೆಗೂ ಅಕ್ಕ, ಯಜಮಾನರು ಇಬ್ಬರೂ ಹೋಗಿದ್ದರು. ಕೂರಿ ಎಂದು ಕೂಡ ಅಲ್ಲಿ ಯಾರೂ ಅನ್ನಲಿಲ್ಲ. ಅದನ್ನು ಹೇಳುವಾಗ ಅಕ್ಕ ಪರದೆಯ ಕಡೆ ತಿರುಗಿಕೊಳ್ಳುತ್ತಾರೆ. “ಆ ಮನೆಯವರಿಗೆ ನಾನು ಏನು ಸೇರಿಸಿದ್ರೂ ಸರಿಹೋಗಲ್ಲ,” ಎನ್ನುತ್ತಾರೆ.

ಆಫೀಸಿನ ಪ್ರೋಗ್ರಾಮು ಓಡುವ ಬೇರೆ ಯಂತ್ರಗಳು ಇನ್ನೂ ಇವೆ. ಅವುಗಳಲ್ಲಿ ಇಂಥ ಸಾಲು ಎಲ್ಲೆಲ್ಲಿವೆಯೋ ಅಷ್ಟನ್ನೂ ಹುಡುಕಿ ಓದುತ್ತಿದ್ದಾರೆ. ಯಾರೋ ಹೇಳಿ ಮಾಡಿಸುತ್ತಿರುವುದಲ್ಲ. ಗುತ್ತಿಗೆ ತಪ್ಪಿಸಿದರೂ, ಅಕ್ಕ ಸರಿಮಾಡಿಕೊಟ್ಟ ಪ್ರೋಗ್ರಾಮನ್ನು ಆ ಊರಿನವರು ಉಳಿಸಿಕೊಂಡಿದ್ದಾರೆ. ಹೋದ ವಾರ ಬೇರೇನೋ ಕೆಲಸದ ಮೇಲೆ ಆ ಕಡೆ ಹೋದ ಅಕ್ಕ ಪಂಪ್‌ಹೌಸಿಗೂ ಹೋಗಿ ಬಂದರಂತೆ.

“ಆಪರೇಟರು ನಲ್ಲಿಯಿಂದ ಒಂದು ಲೋಟ ಹಿಡಿದುಕೊಟ್ರು. ನಿಂತಲ್ಲೇ ಪೂರ್ತಿ ಕುಡಿದೆ,” ಎನ್ನುತ್ತಾ ಕನ್ನಡಕ ಒರೆಸಿಕೊಳ್ಳುತ್ತಾರೆ. “ನೀರು ಚೆನ್ನಾಗಿತ್ತು.”