ಹೆಂಡತಿಯ ಕಿವಿಯಿಂದ ಕೇಳಿದ ಇಂಜಿನ್

ಒಲೆಯೊಳಗೆ ಹಸಿ ಕಟ್ಟಿಗೆ ಇಟ್ಟರೆ ಅದರ ತುದಿಯಿಂದ ಸುಂಯ್ ಎಂದು ಉಸಿರು ಹೊರಡುತ್ತದಲ್ಲ, ಅಂಥದೇ ಸದ್ದು ಅವತ್ತು ಯಲಬುರ್ಗಾದ ಧಣಿಯ ವಾಡೆಯ ಹಿಂದೆ, ಮೋಟಾರು ನಿಲ್ಲಿಸುವ ಕೊಟ್ಟಿಗೆಯಿಂದ ಬರುತ್ತಿತ್ತು. ಕೊಟ್ಟಿಗೆಯ ಗೋಡೆಗೆ ಅಂಟಿಕೊಂಡೇ ಡ್ರೈವರ್ ಓಬಳೆಪ್ಪನ ಮನೆ. ಅವನ ಹೆಂಡತಿ ಮಾರೆವ್ವ ರೊಟ್ಟಿ ಬಡಿಯುವ ಕೈ ನಿಲ್ಲಿಸಿ ಕೇಳಿದಳು. ಬಾವಿಯಿಂದ ನೀರು ಹೊತ್ತು ಬರುವ ಹೆಂಗಸರು ತಿರುಗಿ ನೋಡಿದರು. ಕಟ್ಟಿದ ಎತ್ತುಗಳು ಕಿವಿ ನಿಮಿರಿಸಿದವು. ಇಂಜಿನ್ ಚಾಲೂ ಇಟ್ಟು ಅರಿವೆಯಿಂದ ಬಾನೆಟ್ಟು ಒರೆಸುತ್ತಿದ್ದ ಓಬಳೆಪ್ಪನಿಗೆ ಮಾತ್ರ ಕೇಳಲಿಲ್ಲ.

ಅವನ ಕಿವಿ ಹೋಗಿ ವರ್ಷಗಳಾಗಿದ್ದವು. ಮಾರೆವ್ವನನ್ನು ಬಿಟ್ಟರೆ ವಾಡೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ.

ನವಲಿಯಲ್ಲಿ ಹುಟ್ಟಿದ ಅವನು ಮೀಸೆ ಮೂಡುವ ಮುಂಚೆಯೇ ಇಲ್ಲಿಗೆ ಬಂಡಿ ಹೂಡಲು ಬಂದ. ಧಣಿ ಹೈದರಾಬಾದಿನಿಂದ ಮೋಟಾರು ತರಿಸಿದಾಗ ಅದರ ಜೊತೆ ಬಂದ ಡ್ರೈವರ್ ಸಾಹೇಬನ ಕಾಲೊತ್ತಿ, ಬೈಗುಳ ತಿಂದು, ಗಾಡಿ ಹೊಡೆಯುವುದನ್ನೂ ಬಿಚ್ಚಿ ಕಟ್ಟುವುದನ್ನೂ ಕಲಿತ. ಸಾಹೇಬ ಊರಿಗೆ ಮರಳಿದ ಮೇಲೆ ಗಾಡಿ ಇವನ ಕೈಗೆ ಬಂತು. ಒಮ್ಮೆ ಕೊಪ್ಪಳದ ಸ್ಟೇಷನ್ನಿಗೆ ತಡವಾಗಿ ರೈಲು ತಪ್ಪಿತು. ಧಣಿ ಅಲ್ಲೇ, ಜನರೆದುರಿಗೆ, ಕಪಾಳಕ್ಕೆ ಹೊಡೆದರು. ಎಡಗಿವಿಯಿಂದ ರಕ್ತ ಬಂತು. ಆಮೇಲೆ ಆ ಕಿವಿಗೆ ಏನೂ ಬರಲಿಲ್ಲ. ಬಲಗಿವಿ ತಾನಾಗಿಯೇ ಅದರ ಹಿಂದೆ ಹೋಯಿತು.

ಅದನ್ನು ಮುಚ್ಚಿಡಲು ವಾಡೆಯ ರಿವಾಜೇ ಸಾಕಾಯಿತು. ಆಳುಗಳು ಧಣಿಯ ಮುಖ ನೋಡಬಾರದು. ತಲೆ ತಗ್ಗಿಸಿ ನಿಂತು, ಹೇಳಿದ್ದಕ್ಕೆಲ್ಲ ‘ಹೂಂ ಧಣೇರ’ ಅನ್ನಬೇಕು. ಅಷ್ಟು ಅನ್ನಲು ಕಿವಿ ಬೇಕಾಗಿರಲಿಲ್ಲ. ಎಲ್ಲಿಗೆ ಹೋಗುವುದೆಂದು ಮಾರೆವ್ವ ಅಡಿಗೆಮನೆಯ ಹೆಂಗಸರಿಂದ ಮೊದಲೇ ತಿಳಿದುಕೊಂಡು ಸನ್ನೆ ಮಾಡುತ್ತಿದ್ದಳು. ಕುಷ್ಟಗಿಗೆ ಒಂದು ಸನ್ನೆ, ಗಂಗಾವತಿಗೆ ಇನ್ನೊಂದು. ಇಂಜಿನ್ನಿನ ಮಾತನ್ನು ಅವನು ಅಂಗೈಯಿಂದ, ಅಂಗಾಲಿನಿಂದ ಕೇಳುತ್ತಿದ್ದ. ಎದುರಿಗೆ ಬಂದು ಹಾರ್ನ್ ಹೊಡೆಯಲು ಆ ದಾರಿಯಲ್ಲಿ ಬೇರೆ ಮೋಟಾರೇ ಇರಲಿಲ್ಲ.

ಈಗ ಊರಿಗೆಲ್ಲ ಕೇಳುವ ಸದ್ದೊಂದು ಹುಟ್ಟಿತ್ತು. ಅದು ಡ್ರೈವರನಿಗೆ ಕೇಳಿಲ್ಲವೆಂದು ತಿಳಿದರೆ ಕೆಲಸ ಹೋಗುತ್ತದೆ. ಮನೆ ವಾಡೆಯದು, ಅದೂ ಹೋಗುತ್ತದೆ.

ಮಾರೆವ್ವ ಹಿಟ್ಟಿನ ಕೈಯಲ್ಲೇ ಓಡಿ ಬಂದಳು. ಅವನ ಅಂಗೈ ಎಳೆದುಕೊಂಡು, ತುಟಿ ಸಣ್ಣ ಮಾಡಿ, ಅದರ ಮೇಲೆ ಊದಿದಳು. “ಹಿಂಗ” ಎಂದಳು.

ಓಬಳೆಪ್ಪನಿಗೆ ತಿಳಿಯಿತು. ಎಲ್ಲೋ ಬಿರುಕು ಬಿಟ್ಟಿದೆ, ಇಂಜಿನ್ ಅಲ್ಲಿಂದ ಗಾಳಿ ಎಳೆದುಕೊಳ್ಳುತ್ತಿದೆ. ಬಾನೆಟ್ಟಿನ ಮೇಲೆ ಕೈಯಿಟ್ಟ. ಹೌದು, ನಡುಕ ಎಂದಿಗಿಂತ ಒರಟಾಗಿತ್ತು. ಬೀಡಿ ಹಚ್ಚಿ ಒಂದೊಂದೇ ಕೊಳವೆಯ ಹತ್ತಿರ ಹೊಗೆ ಬಿಟ್ಟ. ಎಲ್ಲ ಕಡೆ ಹೊಗೆ ಸೋಮಾರಿಯಂತೆ ಮೇಲೇರಿತು. ಕಾರ್ಬ್ಯುರೇಟರಿನ ಬುಡದ ಜೋಡಣೆಯಲ್ಲಿ ಮಾತ್ರ ಬಾಗಿತು, ತೆಳುವಾಯಿತು, ಒಳಗೆ ಮಾಯವಾಯಿತು. ಬಿಚ್ಚಿದ. ಎರಡು ಲೋಹದ ನಡುವಿನ ಪ್ಯಾಕಿಂಗ್ ಸೀಳಿತ್ತು. ಯುದ್ಧದ ಕಾಲ, ಹೊಸ ಸಾಮಾನು ಬರುತ್ತಿರಲಿಲ್ಲ. ದಪ್ಪ ರಟ್ಟನ್ನು ಅದೇ ಅಳತೆಗೆ ಕತ್ತರಿಸಿ, ಹರಳೆಣ್ಣೆ ಸವರಿ ಕೂರಿಸಿದ.

ಇಂಜಿನ್ ಚಾಲೂ ಮಾಡಿ ಹೆಂಡತಿಯ ಕಡೆ ನೋಡಿದ. ಸದ್ದಿದ್ದರೆ ಕಿವಿಯ ಓಲೆ ಮುಟ್ಟಬೇಕು, ಅದು ಅವರಿಬ್ಬರ ಗುರುತು. ಮಾರೆವ್ವ ಓಲೆ ಮುಟ್ಟಲಿಲ್ಲ. ನಕ್ಕಳು.

ಅದನ್ನು ಮಹಡಿಯಿಂದ ಒಬ್ಬ ನೋಡುತ್ತಿದ್ದ. ಲಕ್ಷ್ಮಣಪ್ಪ, ಧಣಿಯ ಹೆಂಡತಿಯ ತಮ್ಮ. ಹಿಂದೊಮ್ಮೆ ತಾವರಗೇರಾದಿಂದ ಬರುವಾಗ ಕಾಲುಮಡಿಯಲು ಗಾಡಿ ನಿಲ್ಲಿಸೆಂದು ಹಿಂದಿನ ಸೀಟಿನಿಂದ ಗಂಟಲು ಹರಿಯುವಂತೆ ಕೂಗಿದ್ದ. ಓಬಳೆಪ್ಪ ನಿಲ್ಲಿಸಿರಲಿಲ್ಲ. ಅಂದಿನಿಂದ ಅವನ ಕಣ್ಣು ಇವರಿಬ್ಬರ ಮೇಲಿತ್ತು, ಓಲೆ ಮುಟ್ಟುವ ಗುರುತನ್ನೂ ಕಂಡುಕೊಂಡಿದ್ದ. ಭಾವನ ಕಿವಿಯಲ್ಲಿ ಏನೋ ಹೇಳಿದ. ಧಣಿ ಬಹಳ ಹೊತ್ತು ನಕ್ಕರು.

ಮರುದಿನ ಊಟದ ಮೇಲೆ ಮೋಟಾರನ್ನು ಅಂಗಳಕ್ಕೆ ತರಿಸಿದರು. ಧಣಿ, ಇಬ್ಬರು ಗೌಡರು ಕಟ್ಟೆಯ ಮೇಲೆ ಕುಳಿತರು. ಅಡಿಗೆಮನೆಯ ಬಾಗಿಲಲ್ಲಿ ಹೆಂಗಸರ ನಡುವೆ ಮಾರೆವ್ವ. ಲಕ್ಷ್ಮಣಪ್ಪ ಮೋಟಾರಿನ ಆಚೆ ಬದಿಗೆ, ಅವಳಿಗೆ ಕಾಣದಂತೆ ಕುಕ್ಕರಿಸಿದ. ಕೈಯಲ್ಲಿ ಅತ್ತರಿನ ಖಾಲಿ ಶೀಶೆ. ಇಂಜಿನ್ ಚಾಲೂ ಆದ ಕೂಡಲೇ ಅದರ ಬಾಯಿಗೆ ತುಟಿಯಿಟ್ಟು ಊದತೊಡಗಿದ. ಸುಂಯ್.

“ಏನಲೇ ಓಬಳ್ಯಾ, ನಿನ್ನ ಗಾಡಿ ಹಾವಿನಂಗ ಬುಸುಗುಡತೈತಲ್ಲೋ?” ಎಂದು ಧಣಿ ಕಟ್ಟೆಯಿಂದ ಇಳಿದು ಬಂದು ಕೋಲಿನಿಂದ ಬಾನೆಟ್ಟು ತಟ್ಟಿದರು.

ಓಬಳೆಪ್ಪ ಓರೆಗಣ್ಣಿನಲ್ಲಿ ಬಾಗಿಲ ಕಡೆ ನೋಡಿದ. ಮಾರೆವ್ವನ ಮುಖ ಕಳೆಗುಂದಿತ್ತು. ಅವಳ ಬೆರಳು ಓಲೆಯ ಮೇಲಿತ್ತು.

ಬಾನೆಟ್ಟಿಗೆ ಅಂಗೈ ಇಟ್ಟ. ನಡುಕ ನಯವಾಗಿಯೇ ಇತ್ತು. ಹೊಗೆ ಬಿಟ್ಟು ನೋಡಿದರೆ ತಿಳಿಯುತ್ತಿತ್ತು. “ಒಂದ್ ಬೀಡಿ ಹಚ್ಚಲೇನ್ರಿ ಧಣೇರ?” ಎಂದ.

ಕಟ್ಟೆಯ ಮೇಲೆ ನಗೆ ಒಡೆಯಿತು. “ನೋಡ್ರಿ ಗೌಡ್ರ, ನಮ್ಮ ಡ್ರೈವರ್ ಸಾಹೇಬ್ರಿಗೆ ಈಗ ಬೀಡಿ ಬೇಕಂತ! ಕಾಲಿನ ಮ್ಯಾಲ ಕಾಲ್ ಹಾಕ್ಕೊಂಡು ಸೇದಾಕ ಕುರ್ಚೀನೂ ಹಾಕಿಸ್ಲೋ?” ಧಣಿಯ ಕೋಲು ಮೇಲೆದ್ದಿತು. ಅದು ಓಬಳೆಪ್ಪನಿಗೆ ಕಂಡಿತು.

ಹೊಗೆ ಇಲ್ಲ. ಉಳಿದದ್ದು ತನ್ನ ಅಂಗೈ ಮತ್ತು ಅವಳ ಕಿವಿ. ಇಷ್ಟು ವರ್ಷಗಳಲ್ಲಿ ಅವಳ ಕಿವಿ ಎಂದೂ ತಪ್ಪಿರಲಿಲ್ಲ.

“ಸದ್ದೈತ್ರಿ. ಈಗ ತಗೀತೀನ್ರಿ” ಎಂದು ಇಂಜಿನ್ ಬಂದ್ ಮಾಡಿ ಬೋಲ್ಟು ಬಿಚ್ಚುವ ಪಾನಾ ಹಿಡಿದು ಬಾಗಿದ.

ಇಂಜಿನ್ ನಿಂತಿತು. ಸುಂಯ್ ನಿಲ್ಲಲಿಲ್ಲ. ಬಾಗಿಲಲ್ಲಿ ಮಾರೆವ್ವ ಬೆಚ್ಚಿದಳು. ನಿಂತ ಇಂಜಿನ್ ಗಾಳಿ ಎಳೆಯುವುದು ಹೇಗೆ? ಓಲೆಯಿಂದ ಕೈ ತೆಗೆದು, ಬೇಡ ಬೇಡ ಎಂದು ಎರಡೂ ಕೈ ಬೀಸಿದಳು. ಮುಂದೆ ಬರಲು ಹೋದವಳನ್ನು ಹೆಂಗಸರು ಗಂಡಸರ ಅಂಗಳವೆಂದು ಸೀರೆ ಹಿಡಿದು ಜಗ್ಗಿದರು. ಓಬಳೆಪ್ಪನ ತಲೆ ಬಾನೆಟ್ಟಿನೊಳಗಿತ್ತು. ಕಾದ ಲೋಹಕ್ಕೆ ಬೆರಳುಗಳು ಸುಡುತ್ತಿದ್ದವು. ಅಂಟಿಕೊಂಡಿದ್ದ ರಟ್ಟು ಬಿಡಲಿಲ್ಲ. ಎಬ್ಬಿಸಿದ. ಹರಿಯಿತು.

ಆಗ ಲಕ್ಷ್ಮಣಪ್ಪ ಎದ್ದು ಬಂದು, ಅವನ ಮೂಗಿನ ಮುಂದೆ ಶೀಶೆ ಹಿಡಿದು, ಗಲ್ಲ ಉಬ್ಬಿಸಿ ಊದಿದ.

“ಇಂಜಿನ್ ಬಂದಾಗಿ ಎಷ್ಟೊತ್ತಾತು, ಕಿವುಡ ನನ್ಮಗ ಇನ್ನೂ ಸದ್ದು ಹುಡುಕಾಕ ಹತ್ತ್ಯಾನ!” ಎಂದು ಕಟ್ಟೆಯ ಕಡೆ ಕೂಗಿದ. ಗೌಡರು ನಕ್ಕು ಹೊಟ್ಟೆ ಹಿಡಿದುಕೊಂಡರು.

ಓಬಳೆಪ್ಪ ಶೀಶೆ ನೋಡಿದ, ನಗುವ ಬಾಯಿಗಳನ್ನು ನೋಡಿದ. ಲಕ್ಷ್ಮಣಪ್ಪನಿಗೆ ಅದು ಸಾಲಲಿಲ್ಲ. ಮಾರೆವ್ವನ ಕಡೆ ಬೆರಳು ತೋರಿಸಿ, ಆಮೇಲೆ ತನ್ನ ಎದೆ ಮುಟ್ಟಿಕೊಂಡು, ಹೆಣ್ಣಿನ ಹಾಗೆ ವೈಯಾರದಿಂದ ಕಿವಿಗೆ ಕೈಯಿಟ್ಟ. ಅವಳೂ ನಮ್ಮವಳೇ, ನಾವು ಹೇಳಿದಂತೆ ಮಾಡಿದಳು ಎಂಬ ಹಾಗೆ.

ಧಣಿಯ ನಗು ಅಷ್ಟರಲ್ಲಿ ಮುಗಿದಿತ್ತು. “ಇಷ್ಟು ದಿನ ಕಿವುಡನ ಕೈಯಾಗ ಜೀವ ಕೊಟ್ಟು ಕುಂತಿದ್ದೆನಲ್ಲ. ಛಲೋ ಗಾಡೀನೂ ಹಾಳ್ ಮಾಡಿದ” ಎಂದು ಕೀಲಿಗಾಗಿ ಕೈ ಚಾಚಿದರು. ಕೊಟ್ಟ ಮೇಲೆ ಕೋಲಿನಿಂದ ಮೊದಲು ಅವನ ಮನೆ ತೋರಿಸಿದರು, ಆಮೇಲೆ ಊರಾಚೆ.

ಮಾರೆವ್ವ ಸೀರೆ ಬಿಡಿಸಿಕೊಂಡು ಓಡಿ ಬಂದು ಅವನ ತೋಳು ಹಿಡಿದಳು. ಅವನು ಬಿಡಿಸಿಕೊಂಡ. ಅವಳ ಮುಖವನ್ನು ಒಮ್ಮೆ, ಪೂರಾ, ನೋಡಿದ.

“ಅವರು ನಗಲಿ. ನೀನೂ ಏನ?”

ತಿರುಗಿದ. ಅವಳು ಆ ಬೆನ್ನಿಗೆ ಹೇಳುತ್ತಲೇ ಹಿಂದೆ ನಡೆದಳು. “ಇಲ್ರಿ, ನನಗ ಶೀಶೆ ಕಾಣಲಿಲ್ರಿ. ನನ್ನ ಮಾರಿ ನೋಡ್ರಿ ಒಮ್ಮಿ. ನೀವು ಕೂರಿಸಿದ್ದು ಛಲೋ ಇತ್ತು, ಇಂಜಿನ್ ನಿಂತ ಮ್ಯಾಲ ನಾನು ಎರಡೂ ಕೈ ಬೀಸಿ ನಿಮಗ—” ಎನ್ನುವಷ್ಟರಲ್ಲಿ ಓಬಳೆಪ್ಪ ವಾಡೆಯ ದೊಡ್ಡ ಬಾಗಿಲು ದಾಟಿ, ಮನೆಯ ಕಡೆ ಹೊರಳದೆ, ಬಿಸಿಲಲ್ಲಿ ಬಿಳುಚಿದ ಕೊಪ್ಪಳದ ದಾರಿ ಹಿಡಿದಿದ್ದ.